ವಿಷವಲ್ಲ ಎನ್ನಬಲ್ಲವಳು

ಮೊದಲು ಚಪ್ಪಾಳೆ ತಟ್ಟಿದವಳು ಅವಳೇ. ಮುಖ್ಯ ಅತಿಥಿಯ ಭಾಷಣ ಮುಗಿದಿತ್ತು. ಹೆಂಗಸರು ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ವೇದಿಕೆಯ ಮೇಲೆ ಕೂತಿದ್ದ ಡಾಕ್ಟರ್ ವನಿತಾ ಎರಡು ಕೈ ಸೇರಿಸಿ ತಟ್ಟಿದಳು, ಆಮೇಲೆ ಉಳಿದವರೆಲ್ಲ ತಟ್ಟಿದರು. ನಂಜನಗೂಡಿನ ವಿಷ ಸಹಾಯ ಕೇಂದ್ರದ ವಾರ್ಷಿಕೋತ್ಸವ ಅದು. ಆ ಕೇಂದ್ರದ ಮೆಡಿಕಲ್ ಡೈರೆಕ್ಟರ್ ಅವಳು. ಮುಖ್ಯ ಅತಿಥಿ ಅವಳ ಗಂಡ ರಾಜೇಂದ್ರ, ತಿ. ನರಸೀಪುರದ ಒಂದು ಪಿಯು ಕಾಲೇಜಿನ ಪ್ರಿನ್ಸಿಪಾಲ್.

"ನಮ್ಮ ಮೇಡಂ ಹೇಳೋದು ಮೂರೇ ಮಾತು," ಎಂದಿದ್ದ ಅವನು, ಮೈಕನ್ನು ತುಟಿಯ ಹತ್ತಿರ ಎಳೆದುಕೊಂಡು. "ಮೇಡಂ ಅಂದ್ರೆ ಮನೇಲೂ ನನಗೆ ಮೇಡಮ್ಮೇ ಬಿಡಿ." ಜನ ನಕ್ಕರು. "ಯಾರಾದ್ರೂ ಇದ್ದಕ್ಕಿದ್ದ ಹಾಗೆ ವಾಂತಿ ಮಾಡ್ಕೊಂಡು ಒದ್ದಾಡ್ತಿದಾರೆ ಅಂದ್ರೆ ಮೊದಲು ಸೆಂಟರ್‌ಗೆ ಫೋನ್ ಮಾಡಿ. ಉಪ್ಪುನೀರು ಗಿಪ್ಪುನೀರು ಕುಡಿಸಬೇಡಿ. ತಿಂದ ತಟ್ಟೆ, ಕುಡಿದ ಲೋಟ ತೊಳೀಬೇಡಿ, ಹಾಗೇ ಡಾಕ್ಟ್ರ ಕೈಗೆ ಕೊಡಿ. ಇದಕ್ಕೆ ನಂದೂ ಒಂದು ಮಾತು ಸೇರಿಸ್ತೀನಿ. ಊರೋರು ಏನಂದಾರು, ಮರ್ಯಾದೆ ಏನಾದೀತು ಅಂತ ಯಾರೂ ಕೂರಬೇಡಿ. ಹೋದ ಮರ್ಯಾದೆ ನಾಳೆ ಬರುತ್ತೆ. ಹೋದ ಜೀವ ಬರುತ್ತಾ?"

ಮುಂದಿನ ಸಾಲಿನಲ್ಲಿ ಅವನ ತಾಯಿ ಸಾಕಮ್ಮ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ನಂಜನಗೂಡಿಗೆ ಬಂದ ಪುಣ್ಯಕ್ಕೆ ಮುದುಕಿ ನಂಜುಂಡನ ಹೆಸರು ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡಳು ವನಿತಾ. ಅಷ್ಟರಲ್ಲಿ ಗಂಡನ ಆ ಕೊನೆಯ ಮಾತು ಬಂದಿತ್ತು, ಅವಳ ಕೈ ತಾನಾಗಿ ಎದ್ದಿತ್ತು. ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಎರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಶೃತಿ, ಮೈಸೂರಿನ ಹಾಸ್ಟೆಲಿನಿಂದ ರಜಕ್ಕೆ ಬಂದವಳು, ಅಪ್ಪನ ಜೊತೆ ಜಗಳ ಆಡಿದಳು. ಅವಳು ಒಬ್ಬ ಹುಡುಗನ ಹೆಸರು ಹೇಳಿದ್ದಳು. ಅಪ್ಪ ಅವಳ ಫೋನು ಕಿತ್ತುಕೊಂಡಿದ್ದ. ಬೆಳಿಗ್ಗೆ ಹುಡುಗಿ ಹಿತ್ತಲ ಕೋಣೆಯಲ್ಲಿ ಬಿದ್ದಿದ್ದಳು, ಪಕ್ಕದಲ್ಲಿ ಒಂದು ಲೋಟ. ಎರಡು ತಾಲ್ಲೂಕಿನಲ್ಲಿ ವಿಷ ಕುಡಿದವರಿಗೆಲ್ಲ ದಾರಿ ಹೇಳುವ ಹೆಂಗಸು ಅವನ ಹೆಂಡತಿ. ಅವಳ ನಂಬರು ಅವನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಅವನು ಅದನ್ನು ಒತ್ತಲಿಲ್ಲ. ಸೆಂಟರಿಗೆ ಹೇಳಿದರೆ ಪೊಲೀಸಿಗೆ ಹೋಗುತ್ತದೆ, ಪೊಲೀಸಿಗೆ ಹೋದರೆ ಪೇಪರಿಗೆ ಹೋಗುತ್ತದೆ, ಪ್ರಿನ್ಸಿಪಾಲರ ಮಗಳು ವಿಷ ಕುಡಿದಳು ಎಂದಾಗುತ್ತದೆ. ಪರಿಚಯದ ಒಬ್ಬ ಡಾಕ್ಟರನ್ನು ಮನೆಗೇ ಕರೆಸಿ, ಬಾಗಿಲು ಹಾಕಿ, ಮಧ್ಯಾಹ್ನದವರೆಗೆ ನೋಡಿದ. ಆಮೇಲೆ ಹೆಂಡತಿಗೆ ಫೋನು ಮಾಡಿ, "ಪಾಪುಗೆ ಫಿಟ್ಸ್ ಬಂತು, ಬಾ" ಎಂದ.

ಆ ಬೆಳಿಗ್ಗೆ ವನಿತಾ ಯಾವುದೋ ಊರಿನ, ಯಾರದೋ ಮಗುವಿಗೆ ಫೋನಿನಲ್ಲಿ ದಾರಿ ಹೇಳಿ ಬದುಕಿಸಿದ್ದಳು. ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ನೆಲ ಸಾರಿಸಿತ್ತು. ಹುಡುಗಿಯ ಬಟ್ಟೆ ಬದಲಾಗಿತ್ತು. ಲೋಟ ಬೆಳ್ಳಗೆ ತೊಳೆದು ಬೋರಲು ಹಾಕಿತ್ತು. ಮಗಳ ಮುಖಕ್ಕೆ ಮುಖ ಇಟ್ಟ ಕೂಡಲೇ ಅವಳಿಗೆ ಗೊತ್ತಾಯಿತು, ಎಷ್ಟಾದರೂ ಆ ವಾಸನೆ ಅವಳ ಕಸುಬು. ಆದರೆ ಏನು ಕುಡಿದಳು, ಎಷ್ಟು ಕುಡಿದಳು, ಬೆಳಿಗ್ಗೆಯೇ ತಿಳಿದಿದ್ದರೆ ಉಳಿಸಬಹುದಿತ್ತೇ ಎಂಬುದು ಗೊತ್ತಾಗಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ರಾಜೇಂದ್ರ ಅವಳ ಭುಜ ಹಿಡಿದು, "ಮೆದುಳು ಜ್ವರ ಅಂತ ಹೇಳೋಣ. ಸತ್ತವಳ ಹೆಸರು ಕೆಡಿಸೋದು ಬೇಡ" ಎಂದ. ಅವಳು ತಲೆಯಾಡಿಸಿದಳು. ಊರು ನಂಬಿತು. ಸಂಗಮದ ದಡದಲ್ಲಿ ಅವತ್ತೇ ಸಂಜೆ ಸುಟ್ಟರು. ಒಂದು ಸಾವಿಗೆ ಬೇರೆ ಹೆಸರಿಡುವುದು ಎಷ್ಟು ಸುಲಭ ಎಂದು ಅವಳಿಗೆ ಕಲಿಸಿದವನು ಅವನೇ.

ಅಂದಿನಿಂದ ಅವಳಿಗೆ ಬಿಸಿ ತಣ್ಣಗೆ ಎರಡೂ ಒಂದೇ. ಉಂಡಳು, ಮಲಗಿದಳು, ಫೋನು ಎತ್ತಿದಳು. ಅಳು ಬರಲಿ ಎಂದು ಒಂದೆರಡು ಸಲ ಕಾದು ನೋಡಿದಳು, ಬರಲಿಲ್ಲ, ಬಿಟ್ಟಳು. ನಂಜನಗೂಡಿನ ಕ್ವಾರ್ಟರ್ಸಿನಲ್ಲಿ ವಾರವಿಡೀ ಇರುತ್ತಿದ್ದಳು. ಭಾನುವಾರ ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ನರಸೀಪುರಕ್ಕೆ ಹೋಗಿ ಸಂಜೆ ವಾಪಸ್ಸು ಬರುತ್ತಿದ್ದಳು. ಗಂಡನ ಮೇಲೆ ಅವಳಿಗೆ ದ್ವೇಷವೂ ಇರಲಿಲ್ಲ. ಮೂಲೆಯಲ್ಲಿ ಒಂದು ಸಾಮಾನು ಇದ್ದ ಹಾಗೆ ಅವನಿದ್ದ. ಆ ಸಾಮಾನು ಒಂದು ದಿನ ಮೈಕು ಹಿಡಿದು, ಮರ್ಯಾದೆಗೆ ಅಂಜಿ ಕೂರಬೇಡಿ ಎಂದು ಜನರಿಗೆ ಬುದ್ಧಿ ಹೇಳಿತು. ಜನ ಕಣ್ಣೊರೆಸಿಕೊಂಡರು. ಚಪ್ಪಾಳೆ ತಟ್ಟುತ್ತಿದ್ದಾಗಲೇ ಅವಳಿಗೆ ತೀರ್ಮಾನ ಆಗಿಹೋಗಿತ್ತು. ಸಂತೆಗೆ ಹೋಗುವಾಗ ಕೊಡೆ ತೆಗೆದುಕೊಳ್ಳಬೇಕು ಎಂದು ನೆನಪಾಗುತ್ತದಲ್ಲ, ಅಷ್ಟೇ ಸಲೀಸಾಗಿ.

ಕೊಲ್ಲುವುದು ಕಷ್ಟವಲ್ಲ, ಇದು ಅವಳಿಗೆ ಗೊತ್ತಿತ್ತು. ಸಿಕ್ಕಿಬೀಳುವವರು ಯಾಕೆ ಸಿಕ್ಕಿಬೀಳುತ್ತಾರೆ ಎಂಬುದೂ ಗೊತ್ತಿತ್ತು. ಯಾರೋ ಒಬ್ಬ ಡಾಕ್ಟರಿಗೆ ಅನುಮಾನ ಬರುತ್ತದೆ, ಅವನು ಫೋನು ಮಾಡಿ ಕೇಳುತ್ತಾನೆ, ಆ ಕಡೆಯಿಂದ "ಹೌದು, ಇದು ವಿಷ" ಎಂಬ ಉತ್ತರ ಬರುತ್ತದೆ. ಅಲ್ಲಿಂದಾಚೆಗೆ ಪೊಲೀಸರು, ಶವಪರೀಕ್ಷೆ, ಮಿಕ್ಕ ಎಲ್ಲ. ಆ ಉತ್ತರ ಬರದಿದ್ದರೆ ಉಳಿದದ್ದು ಯಾವುದೂ ನಡೆಯುವುದಿಲ್ಲ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನಲ್ಲಿ ಆ ಉತ್ತರ ಕೊಡುವ ಬಾಯಿ ಒಂದೇ. ಕಪಿಲೆಗೆ ಮುಖ ಮಾಡಿದ ಆಸ್ಪತ್ರೆಯ ಮಹಡಿಯಲ್ಲಿ ಒಂದು ಕೋಣೆ, ಎರಡು ಫೋನು, ಪ್ರತಿವಿಷದ ಔಷಧಿಗಳಿರುವ ಒಂದು ಬೀರು, ಅವಳು. ವಿಷ ಉಂಡವನ ಊರಿನಲ್ಲಿ ವಿಷದ ಆಫೀಸು ಎಂದು ದೇವಸ್ಥಾನದ ಬೀದಿಯ ಹೂವಿನವರು ತಮಾಷೆ ಮಾಡುತ್ತಿದ್ದರು. ಅವಳನ್ನು ವಿಷದ ಡಾಕ್ಟ್ರಮ್ಮ ಎನ್ನುತ್ತಿದ್ದರು. ಡಾಕ್ಟ್ರಮ್ಮ ವಿಷ ಎಂದರೆ ವಿಷ, ಅಲ್ಲ ಎಂದರೆ ಅಲ್ಲ.

ಇಷ್ಟು ವರ್ಷದಲ್ಲಿ ಅವಳು ಒಂದು ಸಲವೂ ತಪ್ಪು ಉತ್ತರ ಕೊಟ್ಟವಳಲ್ಲ. ಒಂದೇ ಒಂದು ತಪ್ಪು ಉತ್ತರ ಸಾಕಿತ್ತು. ಅದನ್ನು ಯಾರೂ ತಪ್ಪು ಎಂದು ತಿಳಿಯುವುದಿಲ್ಲ, ಯಾಕೆಂದರೆ ತಿದ್ದುವವಳು ಕೂಡ ಅವಳೇ.

ಯಾವ ವಿಷ ಎಂಬುದನ್ನು ಅವಳು ಮನಸ್ಸಿನಲ್ಲಿ ಕೂಡ ಹೆಸರಿಟ್ಟು ಹೇಳಿಕೊಳ್ಳಲಿಲ್ಲ, ನಮಗೂ ಅದರ ಹೆಸರು ಬೇಡ. ಜನ ಆಸ್ಪತ್ರೆಗೆ ಬರುವಾಗ ಬಾಟಲಿ, ಬೀಜ, ಬೇರು, ಪುಡಿ ಎಂದು ಏನೇನೋ ಕಟ್ಟಿಕೊಂಡು ಬರುತ್ತಾರೆ. ಅವೆಲ್ಲ ಕೇಂದ್ರದ ಒಂದು ಕಪಾಟಿನಲ್ಲಿ ಸೇರಿಕೊಂಡಿದ್ದವು, ಬೀಗದ ಕೈ ಅವಳ ಹತ್ತಿರ. ಅವಳು ಆರಿಸಿದ್ದು ಹೃದಯವನ್ನು ಹಿಡಿಯುವ ಜಾತಿಯದು. ಅನುಮಾನ ಇಲ್ಲದ ಕಣ್ಣಿಗೆ ಅದು ಹಾರ್ಟ್ ಅಟ್ಯಾಕಿನ ಹಾಗೇ ಕಾಣುತ್ತದೆ. ಅನುಮಾನ ಇರುವ ಕಣ್ಣು ಅವಳಿಗೇ ಫೋನು ಮಾಡುತ್ತದೆ.

ನರಸೀಪುರದ ಆಸ್ಪತ್ರೆಯಲ್ಲಿ ಅಂಥ ಕಣ್ಣು ಒಂದಿತ್ತು. ಡಾಕ್ಟರ್ ಶಿವಸ್ವಾಮಿ, ಅವಳ ಕೈಕೆಳಗೆ ಕಲಿತ ಹುಡುಗ. ಹಾವು ಕಚ್ಚಿದರೂ ಫೋನು, ಜಿರಲೆ ಔಷಧಿ ನೆಕ್ಕಿದರೂ ಫೋನು, ಕೊನೆಗೆ ಜ್ವರದವನು ಹುಳಿಯನ್ನ ತಿಂದು ಕಕ್ಕಿದರೂ ಫೋನು. ಇವನನ್ನು ದಾಟುವುದು ಹೇಗೆ ಎಂದು ಬೇರೆಯವರು ತಲೆ ಕೆಡಿಸಿಕೊಳ್ಳುತ್ತಿದ್ದರೇನೋ. ವನಿತಾ ಅವನನ್ನೇ ತನ್ನ ಯೋಜನೆಯ ಕಂಬ ಮಾಡಿಕೊಂಡಳು. ಮಾತಿಗೆ ಮಾತು ಬಂದಾಗ, "ನಿಮ್ಮ ಸಾರ್‌ಗೆ ಎದೆ ಹಿಡ್ಕೊಂಡಂಗೆ ಆಗುತ್ತಂತೆ ಕಣಪ್ಪ, ಗ್ಯಾಸು ಅಂತಾರೆ, ಚೆಕಪ್‌ಗೆ ಬನ್ನಿ ಅಂದ್ರೆ ಕೇಳಲ್ಲ" ಎಂದು ಅವನ ಕಿವಿಯಲ್ಲಿ ಹಾಕಿದಳು. ಆ ಮಾತು ಸುಳ್ಳೂ ಅಲ್ಲ. ರಾಜೇಂದ್ರನಿಗೆ ಸಕ್ಕರೆ ಇತ್ತು, ಹೊಟ್ಟೆ ಇತ್ತು, ರಾತ್ರಿ ಊಟದ ಮೇಲೆ ಎದೆ ಉಜ್ಜಿಕೊಳ್ಳುವ ಅಭ್ಯಾಸ ಇತ್ತು. ಶಿವಸ್ವಾಮಿ ಮದುವೆ ಮನೆಯೊಂದರಲ್ಲಿ ಅವನಿಗೆ ಸಿಕ್ಕಿದಾಗ ಎಲ್ಲರೆದುರು, "ಸಾರ್, ಮೇಡಂ ಹೇಳಿದಾರೆ, ಒಂದು ಇಸಿಜಿ ತೆಗೆಸ್ಬಿಡಿ" ಎಂದನಂತೆ. ಇವನು ನಕ್ಕು, "ನಮ್ಮೆದೆ ಕಲ್ಲು ಕಣಯ್ಯ" ಎಂದನಂತೆ. ಅದನ್ನು ಅವನೇ ಬಂದು ಹೆಂಡತಿಗೆ ಹೇಳಿದ್ದ.

ಸಕ್ಕರೆಗೆ ಅವನು ದಿನಾ ಬೆಳಿಗ್ಗೆ ಕಷಾಯ ಕುಡಿಯುತ್ತಿದ್ದ. ಗ್ರಂಧಿಗೆ ಅಂಗಡಿಯ ಪುಡಿ, ನಾಲಿಗೆಗೆ ಇಟ್ಟರೆ ಪೂರ್ವಜರೆಲ್ಲ ನೆನಪಾಗುವಷ್ಟು ಕಹಿ. ಸಾಕಮ್ಮನ ಕೈಗೆ ಅಳತೆ ಸಿಗುವುದಿಲ್ಲ, ಒಂದು ದಿನ ಚಿಟಿಕೆ, ಒಂದು ದಿನ ಹಿಡಿ. ಅದಕ್ಕೇ ವಾರಕ್ಕಾಗುವಷ್ಟು ಪುಡಿಯನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸುವ ಕೆಲಸ ವನಿತಾಳದು. ಮೇಲಿನದು ಸೋಮವಾರಕ್ಕೆ. ಕಾಲೇಜಿನವರು ಸನ್ಮಾನಕ್ಕೆ ಕೊಟ್ಟ ದೊಡ್ಡ ಸ್ಟೀಲು ಲೋಟ ಒಂದಿತ್ತು, 'ರಾಜೇಂದ್ರ, ಪ್ರಿನ್ಸಿಪಾಲರು' ಎಂದು ಹೆಸರು ಕೊರೆಸಿದ್ದು. ಅದರಲ್ಲೇ ಅವನು ಮೂಗು ಹಿಡಿದುಕೊಂಡು ಒಂದೇ ಗುಟುಕಿಗೆ ಕುಡಿಯುವುದು. ರುಚಿ ನೋಡುತ್ತ ಕುಡಿಯುವ ಪದಾರ್ಥ ಅದಲ್ಲ.

ಅವಳು ಒಂದು ಭಾನುವಾರ ಉಳಿದುಕೊಂಡು ಸೋಮವಾರ ಬೆಳಿಗ್ಗೆ ಆ ಮನೆ ಹೇಗೆ ನಡೆಯುತ್ತದೆ ಎಂದು ನೋಡಿದಳು. ನೋಡಬೇಕಾದ್ದೇನೂ ಇರಲಿಲ್ಲ, ಇಪ್ಪತ್ತೈದು ವರ್ಷದಿಂದ ಕಂಡದ್ದೇ. ಸಾಕಮ್ಮ ಪೊಟ್ಟಣ ಬಿಚ್ಚಿ ನೀರಿಗೆ ಸುರಿದು, ಕಾಗದವನ್ನು ಬಚ್ಚಲ ಹಂಡೆಯ ಒಲೆಗೆ ತುರುಕಿದಳು. ಮಗ ಲೋಟ ಕೆಳಗಿಟ್ಟ, ಅವಳು ಎತ್ತಿಕೊಂಡಳು, ಉಜ್ಜಿದಳು, ತೊಳೆದಳು, ಬೋರಲು ಹಾಕಿದಳು. ಸೋಸಲೆಯ ಮಡಿವಂತರ ಮನೆಯಲ್ಲಿ ಚಿಕ್ಕಂದಿನಲ್ಲಿ ಕೆಲಸಕ್ಕಿದ್ದವಳು ಅವಳು, ಮುಸುರೆ ಪಾತ್ರೆ ಕಂಡರೆ ಮೈಮೇಲೆ ಹುಳು ಹರಿದ ಹಾಗೆ ಆಡುತ್ತಿದ್ದಳು. ಮನೆಯಲ್ಲಿ ಹೆಣ ಬಿದ್ದಿದ್ದಾಗಲೂ ತೊಳೆದವಳು. ಅವತ್ತು ಅದು, ಮಗಳು ಏನು ಕುಡಿದಳೆಂದಾದರೂ ತಿಳಿಯುವ ವನಿತಾಳ ಕೊನೆಯ ಆಸೆಯನ್ನು ತೊಳೆದುಹಾಕಿತ್ತು. ಈಗ ಅದೇ ಅವಳ ಕೆಲಸಕ್ಕೆ ಬರುತ್ತದೆ. ಕಾಗದ ಬೂದಿಯಾಗುತ್ತದೆ, ಲೋಟ ಬೆಳ್ಳಗಾಗುತ್ತದೆ, ಸಂಜೆ ಸಂಗಮದಲ್ಲಿ ಅವನೂ ಬೂದಿಯಾಗುತ್ತಾನೆ. ಬೂದಿ ಸಾಕ್ಷಿ ಹೇಳಿದ್ದನ್ನು ಅವಳು ಕೇಳಿಲ್ಲ.

ಆ ಭಾನುವಾರ ಬಂತು. ಮಧ್ಯಾಹ್ನ ಸೊಪ್ಪಿನ ಸಾರು, ಮುದ್ದೆ. ಪೊಟ್ಟಣಗಳನ್ನು ಕಟ್ಟಿ ಡಬ್ಬಿಗೆ ಜೋಡಿಸಿ ಮುಚ್ಚಳ ಹಾಕಿದಳು. ರಾಜೇಂದ್ರ ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದ.

"ತಗಡೂರು ಸ್ಕೂಲಲ್ಲೂ ಮಾತಾಡೋಕೆ ಕರೆದಿದಾರೆ ಕಣೆ," ಎಂದ. "ನಿನ್ನ ಸೆಂಟರಿನ ಆ ಚಿತ್ರದ ಚಾರ್ಟು ಕೊಟ್ಟಿರು. ಜನಕ್ಕೆ ಆ ಮರ್ಯಾದೆ ಮಾತು ಬಹಳ ತಾಕ್ತು."

ಅವಳು ಎದುರಿಗೆ ಕೂತಳು. ಎರಡು ವರ್ಷದಲ್ಲಿ ಕೇಳದ ಪ್ರಶ್ನೆಯನ್ನು ಕೇಳಿದಳು. "ಅವತ್ತು ಯಾಕೆ ನನಗೆ ಫೋನ್ ಮಾಡಲಿಲ್ಲ?"

ಇದು ಯೋಜನೆಯಲ್ಲಿ ಇರಲಿಲ್ಲ. ಕೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಡಬ್ಬಿ ಅಡುಗೆಮನೆಯ ಗೂಡಿನಲ್ಲಿತ್ತು, ಮೇಲಿನ ಪೊಟ್ಟಣವನ್ನು ತೆಗೆದುಕೊಂಡು ಹೋಗುವುದು ಎದ್ದು ನಾಲ್ಕು ಹೆಜ್ಜೆ ನಡೆದಷ್ಟೇ ಸುಲಭ. ಅವನು ತಪ್ಪಾಯಿತು ಎನ್ನಬೇಕಿರಲಿಲ್ಲ. ಹೆದರಿದ್ದೆ ಎಂದಿದ್ದರೂ ಸಾಕಾಗುತ್ತಿತ್ತೋ ಏನೋ.

"ಮುಗಿದದ್ದನ್ನ ಯಾಕೆ ಕೆದಕ್ತೀಯ?" ಎಂದ ಅವನು, ಪೇಪರು ಮಡಿಸುತ್ತ. "ಜ್ವರ ಅಂತ ಇಬ್ರೂ ಒಪ್ಪಿದ್ದಲ್ವಾ? ನೀನೂ ಒಪ್ಪಿದ್ದೆ."

"ಒಪ್ಪಿದ್ದೆ," ಎಂದಳು ವನಿತಾ. ಅದು ನಿಜ. ಅವಳು ಎದ್ದು ಚಾರ್ಟು ಎಲ್ಲಿದೆ ಎಂದು ತೋರಿಸಿದಳು.

ಅಡುಗೆಮನೆಯ ಬಾಗಿಲಲ್ಲಿ ಸಾಕಮ್ಮ ಮುದ್ದೆ ಕೋಲು ಹಿಡಿದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ವನಿತಾ ಚಪ್ಪಲಿ ಮೆಟ್ಟುವಾಗ ಹಿಂದೆಯೇ ಜಗಲಿಗೆ ಬಂದಳು.

"ನಿಂಗೊಂದ್ ಮಾತ್ ಏಳ್ಬೇಕು ಕಣವ್ವ. ಬಾಳ ದಿನದಿಂದ ಎದೆವಳ್ಗೆ ಮಡಿಕಂಡಿವ್ನಿ. ಅವತ್ತು ಮಗೀನ..."

"ಬೇಡ ಅತ್ತೆ. ಬಸ್ಸಿಗೆ ಹೊತ್ತಾಯ್ತು."

"ಒಂದ್ ಗಳ್ಗೆ ಕಣವ್ವ."

"ಮುಂದಿನ ವಾರ ಹೇಳಿ." ಮುಂದಿನ ವಾರ ಈ ಮನೆಯಲ್ಲಿ ಬೇರೆ ಮಾತು ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುದುಕಿಯ ಮುಖ ಅವಳಿಗೆ ನೋಡಬೇಕಾಗಿರಲಿಲ್ಲ. ಸಾಯುವವನು ಅವಳ ಮಗ ಎಂಬುದು ಯೋಜನೆಯ ಉದ್ದಕ್ಕೂ ಒಂದು ಕಲ್ಲಿನ ಹಾಗೆ ಕಾಲಿಗೆ ತಾಗುತ್ತಿತ್ತು, ಅವಳು ಬಳಸಿಕೊಂಡು ನಡೆದಿದ್ದಳು. ನನ್ನ ಮಗಳೂ ಸತ್ತಳು ಎಂದು ಲೆಕ್ಕ ಹೊಂದಿಸಲು ನೋಡಿದ್ದಳು. ಹೊಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಎಂದಿನ ಹಾಗೆ ಕೇಂದ್ರಕ್ಕೆ ಬಂದಳು. ಸೋಮವಾರವಾದ್ದರಿಂದ ಕಪಿಲೆಯ ಮೆಟ್ಟಿಲ ಮೇಲೆ ಜನ ಮುಳುಗಿ ಏಳುತ್ತಿದ್ದರು. ಇದೇ ನೀರು ಹರಿದು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಸೇರುವ ಕಡೆಯಲ್ಲೇ ಸಂಜೆ ಅವಳಿಗೆ ಕೆಲಸ. ಫೋನು ಎತ್ತುವ ನರ್ಸ್ ಭಾನುಪ್ರಿಯಾ ಟೀ ತಂದಿಟ್ಟಳು. ಮೊದಲ ಫೋನು ಯಾವುದೋ ಹಳ್ಳಿಯ ತಾಯಿಯದು, ಮಗು ಸೀಮೆಎಣ್ಣೆ ಕುಡಿದಿದೆ. ವನಿತಾ ಅವಳ ಅಳುವನ್ನು ನಿಲ್ಲಿಸಿ, ಮಗುವನ್ನು ಹೇಗೆ ಕೂರಿಸಬೇಕು, ಏನು ಮಾಡಬಾರದು, ಎಲ್ಲಿಗೆ ಕರೆದೊಯ್ಯಬೇಕು ಎಂದು ನಿಧಾನವಾಗಿ ಹೇಳಿದಳು. ಆ ಮಗು ಬದುಕುತ್ತದೆ ಎಂದು ಅವಳಿಗೆ ಗೊತ್ತಾಯಿತು. ಸಂತೋಷವೇನೂ ಆಗಲಿಲ್ಲ, ಆದರೆ ಸರಿ ಎನಿಸಿತು.

ಟೀ ಕುಡಿದು ಮುಗಿದ ಮೇಲೆ ಭಾನುಪ್ರಿಯಾ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಮೇಡಂ, ನರಸೀಪುರದಿಂದ. ಶಿವಸ್ವಾಮಿ ಡಾಕ್ಟ್ರು. ಗಾಬರಿಯಾಗಿದಾರೆ" ಎಂದಳು.

"ಮೇಡಂ, ಸಾರ್‌ನ ಪಕ್ಕದ ಮನೆಯೋರು ಕರ್ಕೊಂಡ್ ಬಂದ್ರು. ವಾಂತಿ ಮೇಡಂ, ಬೆವರು ಸುರೀತಿದೆ, ನಾಡಿ ತೀರಾ ನಿಧಾನ. ಇಸಿಜಿ ತೆಗೆದೆ, ನಂಗೇ ಅರ್ಥ ಆಗ್ತಿಲ್ಲ..." ಅವನು ದನಿ ತಗ್ಗಿಸಿದ. "ಮೇಡಂ, ತಪ್ಪು ತಿಳ್ಕೋಬೇಡಿ. ನೀವೇ ಹೇಳ್ಕೊಟ್ಟಿದ್ದು, ಮೊದಲು ಕೇಳ್ಬಿಡು ಅಂತ. ಸಾರ್ ಏನಾದ್ರೂ ತಗೊಂಡಿರಬಹುದಾ?"

ಒಳ್ಳೆಯ ಹುಡುಗ. ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳಿದ್ದ. ಬೀರು ಅವಳ ಎದುರಿಗೇ ಇತ್ತು. ಇದಕ್ಕೆ ಬೇಕಾದ ಔಷಧಿ ಎರಡನೆಯ ಅರೆಯಲ್ಲಿ, ಎಡಗಡೆ. ಕಾರಿನಲ್ಲಿ ಹಾಕಿ ಕಳಿಸಿದರೆ ಹೊತ್ತಿಗೆ ತಲುಪಲೂಬಹುದಿತ್ತು. ವನಿತಾ ಬೀರುವನ್ನು ನೋಡುತ್ತ ತನ್ನೊಳಗೆ ಏನಾದರೂ ಅಲುಗುತ್ತದೆಯೇ ಎಂದು ಕಾದಳು. ಅಲುಗಲಿಲ್ಲ.

"ವಿಷ ಅಲ್ಲಪ್ಪ," ಎಂದಳು. "ಹಾರ್ಟು. ನಾನು ಹೇಳ್ತಾ ಇರ್ಲಿಲ್ವಾ? ಹಾರ್ಟಿಗೆ ಏನು ಮಾಡಬೇಕೋ ಮಾಡು, ಮೈಸೂರಿಗೆ ಆಂಬುಲೆನ್ಸ್ ಹೇಳು. ನಾನು ಹೊರಟೆ."

"ಸರಿ ಮೇಡಂ," ಎಂದ ಅವನು. ಅವನ ದನಿಯಲ್ಲಿ ಭಾರ ಇಳಿದದ್ದು ಕೇಳಿಸಿತು.

ಆಸ್ಪತ್ರೆಯ ಕಾರು, ಡ್ರೈವರ್ ಮಾದಯ್ಯ. ಸುತ್ತೂರು ದಾಟುವಾಗ ಫೋನು ಬಂತು. "ಮೇಡಂ, ಸಾರ್ ಹೋಗ್ಬಿಟ್ರು. ಆಂಬುಲೆನ್ಸ್ ಬರೋವರ್ಗೂ ಇರಲಿಲ್ಲ." ಅವಳು "ಸರಿ" ಎಂದಳು. ಬೇರೆ ಏನಾದರೂ ಹೇಳಬೇಕಿತ್ತು ಎಂದು ಆಮೇಲೆ ಹೊಳೆಯಿತು. ಮಾದಯ್ಯನಿಗೆ ಕನ್ನಡಿಯಲ್ಲೇ ಗೊತ್ತಾಗಿಹೋಯಿತು. ಗಾಡಿ ಪಕ್ಕಕ್ಕೆ ಹಾಕಿ, ಸ್ಟೇರಿಂಗಿಗೆ ಹಣೆ ಇಟ್ಟು, "ಅಯ್ಯೋ ನಮ್ಮವ್ವ, ಮಗಳೂ ಓದ್ಲು, ಯಜಮಾನ್ರೂ ಓದ್ರಲ್ಲವ್ವ" ಎಂದು ಅಳತೊಡಗಿದ. ವನಿತಾ ನೀರಿನ ಬಾಟಲಿ ತೆಗೆದು ಅವನಿಗೆ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಗದ್ದೆ ನೋಡುತ್ತ ಕೂತಳು. ನಾಟಿ ಆಗಿತ್ತು.

ನರಸೀಪುರದ ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಕಾಲೇಜಿಗೆ ರಜ ಕೊಟ್ಟಿದ್ದರು, ಹುಡುಗರು ರಸ್ತೆಯ ಆಚೆ ನಿಂತಿದ್ದರು. ಸೋಸಲೆಯಿಂದ ನೆಂಟರು ಬಂದು, ಸೌದೆ ಎಲ್ಲಿ, ಬಿದಿರು ಎಲ್ಲಿ ಎಂದು ಜಗಲಿಯ ಮೇಲೆ ಮಾತಾಡಿಕೊಳ್ಳುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಎತ್ತಬೇಕು ಎಂದು ತೀರ್ಮಾನವಾಗಿತ್ತು. ರಾಜೇಂದ್ರನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಇನ್ನೂ ಏನೋ ಭಾಷಣ ಬಾಕಿ ಇರುವ ಹಾಗೆ. ಅವಳು ಪಕ್ಕದಲ್ಲಿ ಕೂತಳು. ಹೆಂಗಸರು ಅವಳನ್ನು ತಬ್ಬಿಕೊಂಡು ಅತ್ತರು. ಇವಳ ಕಣ್ಣೀರು ಒಣಗಿಹೋಗಿದೆ, ಕಲ್ಲಾಗಿಬಿಟ್ಟಿದ್ದಾಳೆ ಪಾಪ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅದಕ್ಕೂ ಅವಳು ಏನೂ ಮಾಡಬೇಕಾಗಲಿಲ್ಲ.

ಒಂದು ಸಲ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಡಬ್ಬಿಯಲ್ಲಿ ಉಳಿದ ಪೊಟ್ಟಣಗಳಿದ್ದವು, ಅವುಗಳಲ್ಲಿ ಬರೀ ಕಷಾಯದ ಪುಡಿ. ಬಚ್ಚಲ ಒಲೆಯಲ್ಲಿ ಬೂದಿ ಬೆಚ್ಚಗಿತ್ತು. ಗೂಡಿನ ಮೇಲೆ ತೊಳೆದ ಲೋಟಗಳು ಸಾಲಾಗಿ ಬೋರಲು ಬಿದ್ದಿದ್ದವು. ಅವಳು ಆ ಸಾಲನ್ನು ಒಂದು ನೋಟ ನೋಡಿ ಹೊರಗೆ ಬಂದಳು. ಇನ್ನು ಉಳಿದದ್ದು ಒಂದು ಸಹಿ. ಹೆಣ ಸುಡುವುದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕಲ್ಲ, ಅದನ್ನು ಮೇಡಮ್ಮನ ಕೈಗೆ ತಾನೇ ಕೊಡುತ್ತೇನೆಂದು ಶಿವಸ್ವಾಮಿ ಮನೆಗೇ ಬಂದಿದ್ದ. ನಡುಮನೆಯ ಕಂಬಕ್ಕೆ ಒರಗಿ ನಿಂತು, ಎಲ್ಲ ತುಂಬಿ, ಸಾವಿಗೆ ಕಾರಣ ಎಂಬಲ್ಲಿ ಹೃದಯಾಘಾತ ಎಂದು ಬರೆದು, "ಕ್ಷಮಿಸಿ ಮೇಡಂ, ಅನುಮಾನ ಪಟ್ಟು ಕೇಳಿದ್ದಕ್ಕೆ" ಎಂದ. "ಕೇಳೋದು ನಿನ್ನ ಕೆಲಸ ಕಣಪ್ಪ" ಎಂದಳು ವನಿತಾ. ಅವನ ಕಣ್ಣಲ್ಲಿ ನೀರು ತುಂಬಿತು. ಪೆನ್ನನ್ನು ಕಾಗದದ ಮೇಲೆ ಇಟ್ಟ.

ಆಗ ಸಾಕಮ್ಮ ಎದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ, ಮಗನ ತಲೆಯ ಹತ್ತಿರ ಹೊಟ್ಟೆಗೆ ಎರಡು ಕೈ ಒತ್ತಿ ಹಿಡಿದು ಕೂತೇ ಇದ್ದಳು. ಎಲ್ಲರೂ ಸಂಕಟಕ್ಕೆ ಹಾಗೆ ಕೂತಿದ್ದಾಳೆ ಎಂದುಕೊಂಡಿದ್ದರು. ಸೆರಗಿನೊಳಗಿಂದ ಅವಳು ಬಾಯಿಗೆ ಗಂಟು ಹಾಕಿದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಮಗನನ್ನು ದಾಟಿ, ಸೊಸೆಯನ್ನು ದಾಟಿ ಬಂದು, ಶಿವಸ್ವಾಮಿಯ ಕೈಗೆ ಕೊಟ್ಟಳು. "ಗಾಡಿಲಿ ನನ್ನ ಅತ್ತಿಸ್ಕಳ್ನಿಲ್ಲ ಕಣಪ್ಪ, ಇಲ್ದಿದ್ರೆ ಆಗ್ಲೇ ತತ್ತಿದ್ದೆ. ಲೋಟ ಮಡಗ್ತಿದ್ದಂಗೇ ಕಕ್ಕಂಡ, ಕಾಗ್ದ ಇನ್ನೂ ಒಲೆಗ್ ಆಕಿರ್ನಿಲ್ಲ. ನನ್ ಸೊಸೆ ಏಳೋ ಮೂರು ಮಾತ್ನೂ ಅವತ್ತು ನಂಜನಗೂಡಲ್ಲಿ ಕುಂತು ಬಾಯಿಪಾಟ ಮಾಡ್ಕಂಡೆ. ಪೋನ್ ಮಾಡಕ್ಕೆ ನಂಗೆ ಬರಾಕಿಲ್ಲ. ಇದೊಂದ್ ಬತ್ತದೆ." ಅವಳು ವನಿತಾಳ ಕಡೆ ತಿರುಗಿದಳು. "ಮಗಿ ಓದಾಗ ನಾನೇ ತೊಳ್ದ್ ಬುಟ್ಟೆ ಕಣವ್ವ. ಅದ್ನೇ ನಿನ್ನೆ ನಿಂಗೆ ಏಳಕ್ ಬಂದಿದ್ದು." ಶಿವಸ್ವಾಮಿ ಕವರನ್ನು ಬೆಳಕಿಗೆ ಹಿಡಿದ. ಒಳಗೆ ಮುದುರಿದ ಪೊಟ್ಟಣದ ಕಾಗದ, ಅದರ ಮಡಿಕೆಯಲ್ಲಿ ಇನ್ನೂ ಪುಡಿ, ಪಕ್ಕದಲ್ಲಿ ಹೆಸರು ಕೊರೆಸಿದ ಸ್ಟೀಲು ಲೋಟ. ಅವನು ಪೆನ್ನಿಗೆ ಮುಚ್ಚಳ ಹಾಕಿ, ಎಂದಿನ ಹಾಗೆ, ಏನು ಮಾಡಲಿ ಎಂದು ತನ್ನ ಮೇಡಮ್ಮನ ಮುಖ ನೋಡಿದ. ಮುಸುರೆಯನ್ನು ಒಂದು ಗಳಿಗೆ ಸಹಿಸದ ಸಾಕಮ್ಮ ತನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಲೋಟವನ್ನು ತೊಳೆಯದೆ ಇಟ್ಟಿದ್ದಳು.